ಮೊದಲ ಅರ್ಜಿ ಮತ್ತು ಅದರ ಹಿಂಬರಹ

(ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ನೇಕಾರ ಮನೆತನಗಳ ಮಹಿಳೆಯರು, ಸ್ವಸಹಾಯ ಗುಂಪುಗಳ ಸದಸ್ಯೆಯರು ಮತ್ತು ಅಂಗನವಾಡಿ ಕಾರ್ಯಕರ್ತೆಯರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳನ್ನು ಸ್ವಲ್ಪ ವಿಸ್ತರಿಸಿ ಬರೆದದ್ದು. ಇಲ್ಲಿ ಬರುವ ಪ್ರಸಂಗಗಳ ವಿವರಗಳನ್ನು ಯಾರ ಗುರುತೂ ಸಿಗದಂತೆ ಬದಲಿಸಿದ್ದೇನೆ.)

ಹಿರಿಯರೇ, ಅಕ್ಕತಂಗಿಯರೇ,

ಮನೆಯಲ್ಲಿ ಮತ್ತು ಕೆಲಸದ ಸ್ಥಳದಲ್ಲಿ ಮಹಿಳೆಗೆ ಇರುವ ಕಾನೂನು ಹಕ್ಕುಗಳ ಬಗ್ಗೆ ಮಾತನಾಡಬೇಕೆಂದು ಸಂಘಟಕರು ಹೇಳಿದಾಗ, ಈ ಊರಿನಲ್ಲಿ ಇವೆರಡರ ನಡುವಿನ ಗೋಡೆ ಎಲ್ಲಿದೆ ಎಂಬ ಪ್ರಶ್ನೆಯೇ ನನಗೆ ಮೊದಲು ಹೊಳೆಯಿತು. ಪಡಸಾಲೆಯಲ್ಲಿ ಕುಣಿಮಗ್ಗ, ಅದರ ಬದಿಗೆ ತೊಟ್ಟಿಲು, ಒಳಗೆ ಒಲೆ. ಬೆಳಿಗ್ಗೆ ರೊಟ್ಟಿ ಬಡಿದ ಕೈಗಳೇ ಕಂಡಿಕೆ ಸುತ್ತುತ್ತವೆ, ಸೀರೆಯ ಒಡಲಿಗೆ ಸೆರಗನ್ನು ಕೊಂಡಿ ಹಾಕಿ ಕೂಡಿಸುತ್ತವೆ. ಸೀರೆ ಮಾರಿದ ದುಡ್ಡು ಮಾತ್ರ ಬಹುತೇಕ ಮನೆಗಳಲ್ಲಿ ಗಂಡಸಿನ ಪಾಸ್‌ಬುಕ್ಕಿಗೆ ಹೋಗುತ್ತದೆ. ಹೀಗಿರುವಾಗ ಮನೆಯ ಹಕ್ಕು ಒಂದು ಅಧ್ಯಾಯ, ಕೆಲಸದ ಹಕ್ಕು ಇನ್ನೊಂದು ಅಧ್ಯಾಯ ಎಂದು ಪಾಠ ಮಾಡುವ ಬದಲು, ಇಪ್ಪತ್ತು ವರ್ಷಗಳಿಗೂ ಮೀರಿದ ವಕೀಲಿಯಲ್ಲಿ ನಾನು ಮತ್ತೆ ಮತ್ತೆ ಕಂಡ ಒಂದು ಸಂಗತಿಯ ಸುತ್ತಲೇ ಮಾತನಾಡುತ್ತೇನೆ.

ಆ ಸಂಗತಿ ಇದು. ಕಾನೂನೇ ಇಲ್ಲವೆಂಬ ಕಾರಣಕ್ಕೆ ಸೋತ ಹೆಣ್ಣುಮಕ್ಕಳನ್ನು ನಾನು ಕಂಡದ್ದು ಕಡಿಮೆ. ತೊಂದರೆ ಶುರುವಾದ ತಿಂಗಳೊಳಗೆ ತಾರೀಖು ಇರುವ ಒಂದು ಕಾಗದವೂ ಹುಟ್ಟದೆ ಹೋದದ್ದರಿಂದ ಸೋತವರು ಹೆಚ್ಚು. ಹಿರಿಯರು ಕೂಡಿ ಬುದ್ಧಿ ಹೇಳುತ್ತಾರೆ, ಠಾಣೆಯಲ್ಲಿ ಬಾಯಿಮಾತಿನಲ್ಲಿ ರಾಜಿ ಮಾಡಿಸಿ ಕಳುಹಿಸುತ್ತಾರೆ, ತವರಿನವರು ಮುಂದಿನ ಹಬ್ಬದವರೆಗೆ ನೋಡೋಣ ಎನ್ನುತ್ತಾರೆ. ಮೂರು ವರ್ಷಗಳ ನಂತರ ಆಕೆ ನನ್ನ ಎದುರಿನ ಕುರ್ಚಿಯಲ್ಲಿ ಕುಳಿತಾಗ, ನಡೆದದ್ದೆಲ್ಲ ಆಕೆಯ ನೆನಪಿನಲ್ಲಿ ಮಾತ್ರ ಇರುತ್ತದೆ.

ಮನೆಯಿಂದಲೇ ಪ್ರಾರಂಭಿಸೋಣ. ನನ್ನ ಬಳಿಗೆ ಬಂದ ಒಬ್ಬಾಕೆ ಕೇಳಿದ ಮಾತನ್ನು ಆಕೆಯ ಬಾಯಲ್ಲಿ ಬಂದಂತೆಯೇ ಹೇಳುತ್ತೇನೆ: "ಬಾಯಾರ, ಮನಿ ನನ್ನ ಹೆಸರಿಲೆ ಇಲ್ಲ, ಗಂಡನ ಹೆಸರಿಲೆನೂ ಇಲ್ಲ, ಉತಾರದಾಗ ಮಾವನ ಹೆಸರೈತಿ. ನಾ ಯಾವ ಬಾಯಿಲೆ ಇರತೇನಿ ಅನ್ಲಿ?" 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆ ಕಾಯ್ದೆ, ಅಂದರೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ ಕಾಯ್ದೆ, ಈ ಪ್ರಶ್ನೆಗೆ ನೇರವಾದ ಉತ್ತರವನ್ನೇ ಕೊಟ್ಟಿದೆ. ಅದರ 17ನೇ ಕಲಮಿನ ಪ್ರಕಾರ, ಕೂಡಿ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಹೆಂಗಸಿಗೆ ಇದೆ. ಆ ಮನೆಯಲ್ಲಿ ಆಕೆಗೆ ಒಡೆತನ ಇದೆಯೋ ಇಲ್ಲವೋ ಎಂಬುದು ಇಲ್ಲಿ ಪ್ರಶ್ನೆಯಲ್ಲ, ಮತ್ತು ಕಾನೂನಿನ ಕ್ರಮವಿಲ್ಲದೆ ಆಕೆಯನ್ನು ಹೊರಗೆ ಹಾಕುವಂತಿಲ್ಲ. ಅತ್ತೆಮಾವಂದಿರ ಹೆಸರಿನ ಮನೆಗೆ ಇದು ಅನ್ವಯಿಸುವುದಿಲ್ಲವೆಂಬ ವಾದ ಬಹಳ ಕಾಲ ನಡೆಯಿತು, 2006ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಹಾಗೆ ಹೇಳಿತ್ತು. ಅದೇ ಕೋರ್ಟು 2020ರ ಅಕ್ಟೋಬರ್‌ನಲ್ಲಿ, ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ, ಆ ಹಿಂದಿನ ತೀರ್ಪು ಸರಿಯಲ್ಲವೆಂದು ಹೇಳಿ, ಗಂಡನ ಸಂಬಂಧಿಕರ ಹೆಸರಿನಲ್ಲಿರುವ ಮನೆಯೂ ಕೂಡಿ ಬಾಳಿದ ಮನೆಯಾಗಬಹುದೆಂದು ತೀರ್ಮಾನಿಸಿತು.

ಇಲ್ಲಿ ಒಂದು ಎಚ್ಚರಿಕೆ ಬೇಕು. ವಾಸದ ಹಕ್ಕು ಒಡೆತನದ ಹಕ್ಕಲ್ಲ; ಮನೆಯಲ್ಲಿ ಪಾಲು ಸಿಕ್ಕಿತೆಂದು ಯಾರೂ ತಿಳಿಯಬಾರದು. ವಯಸ್ಸಾದ ಅತ್ತೆಮಾವಂದಿರಿಗೂ ನೆಮ್ಮದಿಯಿಂದ ಬಾಳುವ ಹಕ್ಕಿದೆ, ಅದಕ್ಕಾಗಿ 2007ರಲ್ಲಿ ಹಿರಿಯ ನಾಗರಿಕರ ಕಾಯ್ದೆಯೂ ಬಂದಿದೆ. ಆದರೆ ಸೊಸೆಯನ್ನು ಸುಲಭವಾಗಿ ಹೊರಗೆ ಹಾಕಲು ಆ ಕಾಯ್ದೆಯನ್ನು ಬಾಗಿಲಾಗಿ ಬಳಸುವುದು ಶುರುವಾದಾಗ, ನಮ್ಮ ರಾಜ್ಯದಿಂದಲೇ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2020ರ ಡಿಸೆಂಬರ್‌ನಲ್ಲಿ ಎರಡೂ ಕಾಯ್ದೆಗಳನ್ನು ಹೊಂದಿಸಿ ಓದಬೇಕು, ಒಂದರ ಅವಸರದ ವಿಚಾರಣೆಯಿಂದ ಇನ್ನೊಂದು ಕೊಟ್ಟ ವಾಸದ ಹಕ್ಕನ್ನು ಅಳಿಸಲಾಗದು ಎಂದು ಹೇಳಿತು.

ಹಿಂಸೆ ಎಂದ ಕೂಡಲೇ ನಾವು ಬಾಸುಂಡೆ ಹುಡುಕುತ್ತೇವೆ. ಕಾಯ್ದೆ ಅಷ್ಟಕ್ಕೇ ನಿಂತಿಲ್ಲ. ದೈಹಿಕ, ಲೈಂಗಿಕ, ಮಾತಿನ ಹಾಗೂ ಮಾನಸಿಕ ಹಿಂಸೆಗಳ ಜೊತೆಗೆ ಆರ್ಥಿಕ ಹಿಂಸೆಯನ್ನೂ ಅದು ಹೆಸರಿಸಿ ಬರೆದಿದೆ. ಇದು ನಿಮ್ಮ ಊರಿಗೆ ಎಷ್ಟು ಹತ್ತಿರದ ಮಾತೆಂಬುದನ್ನು ಒಂದು ಪ್ರಸಂಗದಿಂದ ಹೇಳುತ್ತೇನೆ. ಒಬ್ಬಾಕೆ ಗಂಡನಿಗಿಂತ ಚೆನ್ನಾಗಿ ನೇಯುತ್ತಿದ್ದಳು. ಗಂಡನಿಗೆ ಕುಡಿತ, ಜಗಳವಾದ ಒಂದು ರಾತ್ರಿ ಆತ ಆಕೆಯ ಮೈಮುಟ್ಟಲಿಲ್ಲ, ಮನೆಯಲ್ಲಿದ್ದ ಲಾಳಿಗಳನ್ನೆಲ್ಲ ಟ್ರಂಕಿನೊಳಗೆ ಹಾಕಿ ಬೀಗ ಜಡಿದು, ಬೀಗದ ಕೈಯನ್ನು ಉಡದಾರಕ್ಕೆ ಕಟ್ಟಿಕೊಂಡು ಮಲಗಿದ. ಹನ್ನೊಂದು ದಿನ ಮಗ್ಗ ಸುಮ್ಮನೆ ನಿಂತಿತು, ಅಂಗಡಿಯಲ್ಲಿ ಉದ್ರಿ ಬೆಳೆಯಿತು. ಆಕೆ ಹೋದ ಕಡೆಯಲ್ಲೆಲ್ಲ ಕೇಳಿದ ಪ್ರಶ್ನೆ ಒಂದೇ: "ಹೊಡದಾನೇನು?" ಹೊಡೆದಿಲ್ಲ ಎಂದ ಮೇಲೆ ಯಾರೂ ಪೆನ್ನು ಎತ್ತಲಿಲ್ಲ. ಆದರೆ ದುಡಿದು ತಿನ್ನುವ ಸಾಧನವನ್ನೇ ಕೈಗೆ ಸಿಗದಂತೆ ಮಾಡುವುದು, ಸ್ತ್ರೀಧನ ಕಸಿಯುವುದು, ಆಕೆಗೆ ಬಳಕೆಯ ಹಕ್ಕಿರುವ ಮನೆಯ ಸಾಮಾನನ್ನು ಮಾರಿಬಿಡುವುದು, ದಿನಸಿಗೆ ದುಡ್ಡು ಕೊಡದಿರುವುದು, ಇವೆಲ್ಲ ಆ ಕಾಯ್ದೆಯ ಮೂರನೇ ಕಲಮಿನ ಒಳಗೇ ಬರುತ್ತವೆ.

ಹಾಗಾದರೆ ಮೊದಲ ಕಾಗದವನ್ನು ಎಲ್ಲಿ ಹುಟ್ಟಿಸಬೇಕು? ಅಂಗನವಾಡಿಯ ಅಕ್ಕಂದಿರು ತಿಂಗಳ ಸಭೆಗೆ ಹೋಗುವ ಆ ಸಿಡಿಪಿಒ ಆಫೀಸೇ ಇದರ ಬಾಗಿಲು. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ತಾಲ್ಲೂಕಿನ ಮಟ್ಟದಲ್ಲಿ ಈ ಕಾಯ್ದೆಯ ಸಂರಕ್ಷಣಾಧಿಕಾರಿಗಳು. ಪೌಷ್ಟಿಕ ಆಹಾರದ ಲೆಕ್ಕ ಕೇಳುವ ಅದೇ ಅಧಿಕಾರಿಗೆ, ಹಿಂಸೆಗೆ ಒಳಗಾದ ಹೆಂಗಸಿನ ಮಾತನ್ನು ಕೇಳಿ ಕೌಟುಂಬಿಕ ಘಟನೆಯ ವರದಿ ಎಂಬ ನಿಗದಿತ ನಮೂನೆಯಲ್ಲಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳುಹಿಸುವ ಕರ್ತವ್ಯವೂ ಇದೆ. ಬಾಯಿಮಾತಿನಲ್ಲಿ ಹೇಳಿದರೆ ಅದನ್ನು ಬರವಣಿಗೆಗೆ ಇಳಿಸಿ, ಹೇಳಿದವರ ಸಹಿ ಪಡೆದು, ಒಂದು ಪ್ರತಿಯನ್ನು ಬಿಟ್ಟಿಯಾಗಿ ಕೊಡಬೇಕೆಂದು ನಿಯಮವೇ ಹೇಳುತ್ತದೆ. ಮಾಹಿತಿಯನ್ನು ಆಕೆಯೇ ಕೊಡಬೇಕೆಂದಿಲ್ಲ, ನೆರೆಮನೆಯವರೂ ಕೊಡಬಹುದು, ಅಂಗನವಾಡಿ ಕಾರ್ಯಕರ್ತೆಯೂ ಕೊಡಬಹುದು. ಸದುದ್ದೇಶದಿಂದ ಕೊಟ್ಟವರ ಮೇಲೆ ಹೊಣೆ ಬೀಳುವುದಿಲ್ಲ. ಅಧಿಕಾರಿಯ ಮೂಲಕ ಹೋಗದೆ ವಕೀಲರ ಜೊತೆ ನೇರವಾಗಿ ಮ್ಯಾಜಿಸ್ಟ್ರೇಟರ ಮುಂದೆಯೂ ಅರ್ಜಿ ಹಾಕಬಹುದು. ಸೊಲ್ಲಾಪುರಕ್ಕೋ ಪುಣೆಗೋ ಕೊಟ್ಟ ಮಗಳು ತವರಿಗೆ ಬಂದು ನಿಂತಿದ್ದರೆ, ಈಗ ಎಲ್ಲಿ ವಾಸವಿದ್ದಾಳೋ ಅಲ್ಲಿಯ ನ್ಯಾಯಾಲಯದಲ್ಲೇ ಅರ್ಜಿ ಹಾಕುವ ಅವಕಾಶವಿದೆ. ಪ್ರತಿ ತಾರೀಖಿಗೂ ಕೂಸನ್ನು ಎತ್ತಿಕೊಂಡು ರೈಲು ಹತ್ತಬೇಕಾಗಿಲ್ಲ.

ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನಗಳೊಳಗೆ, ಅಲ್ಲಿಂದ 60 ದಿನಗಳಲ್ಲಿ ತೀರ್ಮಾನ ಎಂದು ಕಾಯ್ದೆ ಹೇಳುತ್ತದೆ. ನಮ್ಮ ನ್ಯಾಯಾಲಯಗಳಲ್ಲಿ ಹಾಗೆ ನಡೆಯುತ್ತದೆಯೇ ಎಂದು ನೀವು ಕೇಳಿದರೆ, ಬಹಳ ಸಲ ನಡೆಯುವುದಿಲ್ಲ ಎಂದೇ ಹೇಳಬೇಕು. ಅದಕ್ಕಾಗಿಯೇ 23ನೇ ಕಲಮು ಮುಖ್ಯ. ಎದುರು ಪಕ್ಷದವರು ಬರುವ ಮೊದಲೇ, ಅರ್ಜಿಯ ಜೊತೆಗಿನ ಪ್ರಮಾಣಪತ್ರವನ್ನು ನೋಡಿ ಮಧ್ಯಂತರ ಆದೇಶ ಕೊಡುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಅದರಿಂದ ಇದೆ. ಲಾಳಿಯ ಪ್ರಸಂಗದಲ್ಲಿ ನಾವು ಕೇಳಿದ್ದು ಅದನ್ನೇ. ಆಕೆ ಮನೆ ಬಿಡಲಿಲ್ಲ, ಗಂಡ ಜೈಲಿಗೂ ಹೋಗಲಿಲ್ಲ, ಮಗ್ಗದ ಕೆಲಸಕ್ಕೆ ಅಡ್ಡಿ ಮಾಡಬಾರದೆಂಬ ಆದೇಶ ಬಂತು, ಟ್ರಂಕಿನ ಬೀಗ ತೆಗೆಯಿತು. ಅಂಥ ರಕ್ಷಣಾದೇಶವನ್ನು ಮೀರಿದರೆ ಮಾತ್ರ ಅದು ಅಪರಾಧ. ಒಂದು ವರ್ಷದವರೆಗೆ ಸೆರೆ ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣ, ಸಭೆಯ ಹಿಂದಿನ ಸಾಲಿನಲ್ಲಿ ನಿಂತಿರುವ ಹಿರಿಯರೊಬ್ಬರು ಆಗಲೇ ಕೇಳಿದ ಪ್ರಶ್ನೆ: ಈ ಕಾನೂನುಗಳ ದುರುಪಯೋಗ ಆಗುವುದಿಲ್ಲವೇ? ಆಗಿದ್ದುಂಟು, ಅದನ್ನು ಮುಚ್ಚಿಡುವುದಿಲ್ಲ. ಗಂಡ ಮತ್ತು ಆತನ ಸಂಬಂಧಿಕರ ಕ್ರೌರ್ಯವನ್ನು ಶಿಕ್ಷಿಸಲು 1983ರಲ್ಲಿ ದಂಡ ಸಂಹಿತೆಗೆ ಬಂದ 498ಎ ಕಲಮು, ಈಗ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮು, ಮೂರು ವರ್ಷದವರೆಗೆ ಸೆರೆ ವಿಧಿಸುವ ಅಪರಾಧ. ಅದರಲ್ಲಿ ಊರಲ್ಲೇ ಇಲ್ಲದ ನಾದಿನಿಯ ಹೆಸರನ್ನೂ ಸೇರಿಸಿ ಬರೆಸಿದ ದೂರುಗಳನ್ನು ನಾನೇ ಓದಿದ್ದೇನೆ. ಅಂಥ ದೂರಿನಿಂದ ಮೊದಲು ಹಾಳಾಗುವುದು ಆ ಹೆಂಗಸಿನ ನಿಜವಾದ ನೋವಿನ ಸಾಕ್ಷ್ಯವೇ. ದೂರು ಕೊಟ್ಟ ಕೂಡಲೇ ಬಂಧಿಸುವುದು ಪದ್ಧತಿಯಾಗಬಾರದೆಂದು ಸುಪ್ರೀಂ ಕೋರ್ಟು 2014ರಲ್ಲೇ ಪೊಲೀಸರಿಗೆ ಹೇಳಿದೆ. ನನ್ನ ಅನುಭವದಲ್ಲಿ ಬಹುಪಾಲು ಹೆಣ್ಣುಮಕ್ಕಳು ಗಂಡನಿಗೆ ಜೈಲು ಬೇಡುವುದಿಲ್ಲ. ಹೊಡೆತ ನಿಲ್ಲಬೇಕು, ಮನೆಯಲ್ಲಿರಲು ಬಿಡಬೇಕು, ಮಕ್ಕಳ ಖರ್ಚು ಬರಬೇಕು, ಅಷ್ಟೇ ಅವರ ಬೇಡಿಕೆ. ಅದಕ್ಕೆ ತಕ್ಕ ಕಾಗದ 2005ರ ಕಾಯ್ದೆಯ ಅರ್ಜಿ. ಜೀವಕ್ಕೆ ಅಪಾಯವಿದ್ದಾಗ ಮಾತ್ರ ಈ ಲೆಕ್ಕಾಚಾರಕ್ಕೆ ಕೂರಬಾರದು. 112ಕ್ಕೆ ಫೋನ್ ಮಾಡಬೇಕು, ಯಾವ ಠಾಣೆ ಹತ್ತಿರವೋ ಅಲ್ಲಿಗೆ ಹೋಗಬೇಕು. ಘಟನೆ ತಮ್ಮ ಸರಹದ್ದಿನದಲ್ಲ ಎಂಬ ಕಾರಣಕ್ಕೆ ಠಾಣೆಯವರು ಗಂಭೀರ ಅಪರಾಧದ ಮಾಹಿತಿಯನ್ನು ತಿರಸ್ಕರಿಸುವಂತಿಲ್ಲ, ಬರೆದುಕೊಂಡು ಸಂಬಂಧಪಟ್ಟ ಠಾಣೆಗೆ ಕಳುಹಿಸಬೇಕು, ಎಫ್‌ಐಆರ್ ಪ್ರತಿಯನ್ನು ಬಿಟ್ಟಿಯಾಗಿ ಕೊಡಬೇಕು. ಬರೆದುಕೊಳ್ಳದಿದ್ದರೆ ಅದೇ ದೂರನ್ನು ಅಂಚೆಯಲ್ಲಿ ಜಿಲ್ಲಾ ಎಸ್‌ಪಿ ಅವರಿಗೆ ಕಳುಹಿಸಿ, ಅಂಚೆಯ ರಸೀದಿಯನ್ನು ಇಟ್ಟುಕೊಳ್ಳಿ.

ಜೀವನಾಂಶದಲ್ಲಿ ತಾರೀಖಿನ ಬೆಲೆ ರೂಪಾಯಿಯಲ್ಲೇ ಕಾಣುತ್ತದೆ. 2020ರ ನವೆಂಬರ್‌ನಲ್ಲಿ ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಕೊಡಿಸಬೇಕೆಂದೂ, ಗಂಡ ಹೆಂಡತಿ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲಗಳನ್ನು ಪ್ರಮಾಣಪತ್ರದಲ್ಲಿ ಬರೆದುಕೊಡಬೇಕೆಂದೂ ಹೇಳಿತು. ಆದೇಶ ಬರಲು ಎರಡು ವರ್ಷ ಹಿಡಿದರೂ ಆ ಎರಡು ವರ್ಷದ ಬಾಕಿ ಸಿಗುತ್ತದೆ. ಅರ್ಜಿ ಹಾಕದೆ ಕಾಯ್ದ ಎರಡು ವರ್ಷಗಳು ಮಾತ್ರ ನೀರಿನಲ್ಲಿ ಹೋದಂತೆ. ಬಾಕಿ ವಸೂಲಿಗೂ ಗಡುವಿದೆ. ಹಣ ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ವಸೂಲಿಗೆ ಅರ್ಜಿ ಹಾಕಬೇಕು, ಇದನ್ನು ಮರೆತು ಕಳೆದುಕೊಂಡವರು ಬಹಳ ಜನ. ಜೀವನಾಂಶಕ್ಕೆ ಧರ್ಮದ ಬೇಧವಿಲ್ಲ. ತಲಾಕ್ ಆದ ಮುಸ್ಲಿಂ ಮಹಿಳೆಗೂ ಈ ದಾರಿ ತೆರೆದಿದೆ ಎಂದು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟು ಮತ್ತೊಮ್ಮೆ ಸ್ಪಷ್ಟಪಡಿಸಿದೆ.

ಕಾಗದ ಎಂದಾಗ ಎಲ್ಲ ಕಾಗದವೂ ಕಾಗದವಲ್ಲ ಎಂಬುದನ್ನೂ ಹೇಳಬೇಕು. ನಮ್ಮ ಭಾಗದಲ್ಲಿ ಇವತ್ತಿಗೂ ಹಿರಿಯರು ಕೂಡಿ ಬಾಂಡ್ ಪೇಪರಿನ ಮೇಲೆ ಸೋಡಚಿಟ್ಟಿ ಬರೆಸುತ್ತಾರೆ. ಐವತ್ತು ಸಾವಿರ ಎಣಿಸಿ ಕೊಟ್ಟು, ಇನ್ನು ಸಂಬಂಧವಿಲ್ಲವೆಂದು ಬರೆದು, ನಾಲ್ಕು ಜನ ಸಾಕ್ಷಿ ಹಾಕಿ, ನೋಟರಿಯ ಮುದ್ರೆಯನ್ನೂ ಒತ್ತಿಸುತ್ತಾರೆ. ಜಾತಿಯ ಕಟ್ಟಳೆಯಲ್ಲಿ ಅಂಥ ರೂಢಿ ಇತ್ತೆಂದು ನ್ಯಾಯಾಲಯದಲ್ಲಿ ಸಾಬೀತಾದ ಹೊರತು, ಹಿಂದೂ ದಂಪತಿಗಳಿಗೆ ಅದು ವಿಚ್ಛೇದನವಾಗುವುದಿಲ್ಲ. ಆ ಚೀಟಿಯನ್ನು ನಂಬಿ ಗಂಡ ಇನ್ನೊಂದು ಮದುವೆಯಾಗುತ್ತಾನೆ, ಈಕೆ ಜೀವನಾಂಶ ಕೇಳುವ ಹಕ್ಕೇ ಹೋಯಿತೆಂದು ಸುಮ್ಮನಾಗುತ್ತಾಳೆ. ಹೋಗಿರುವುದಿಲ್ಲ.

ಅಂಥದೇ ಇನ್ನೊಂದು ಕಾಗದ ಪಂಚಮಿಯ ಆಸುಪಾಸಿನಲ್ಲಿ ಹುಟ್ಟುತ್ತದೆ. ಅಣ್ಣ ಕರೆಯಲು ಬರುತ್ತಾನೆ, ತವರಿನಲ್ಲಿ ಜೋಕಾಲಿ, ಉಂಡೆ, ಉಡಿ ತುಂಬಿದ ಹೊಸ ಸೀರೆ. ಮರುದಿನ "ಬಾ ತಂಗಿ, ಸಣ್ಣದೊಂದು ಸಹಿ ಐತಿ" ಎಂದು ಸಬ್ ರಿಜಿಸ್ಟ್ರಾರ್ ಕಚೇರಿಗೆ. ಅಲ್ಲಿ ಆಕೆ ಹೆಬ್ಬೆಟ್ಟು ಒತ್ತುವುದು ಹಕ್ಕು ಬಿಡುಗಡೆ ಪತ್ರಕ್ಕೆ. ಕರ್ನಾಟಕವು ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲನ್ನು 1994ರಲ್ಲೇ ಕೊಟ್ಟಿತು. ಮದುವೆಯಾಗಿರಲಿ ಇಲ್ಲದಿರಲಿ, ಮಗಳು ಹುಟ್ಟಿನಿಂದಲೇ ಮಗನಷ್ಟೇ ಹಕ್ಕುದಾರಳೆಂದು ಹಿಂದೂ ವಾರಸಾ ಕಾಯ್ದೆಯ ಕೇಂದ್ರ ತಿದ್ದುಪಡಿ 2005ರ ಸೆಪ್ಟೆಂಬರ್ 9ರಿಂದ ಹೇಳಿತು. ಆ ದಿನ ತಂದೆ ಬದುಕಿರಬೇಕಾಗಿಲ್ಲವೆಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ತೀರ್ಮಾನವಾಯಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ಕ್ರಮಬದ್ಧವಾಗಿ ಮುಗಿದ ವಾಟ್ನಿಗಳನ್ನು, ಅಂದರೆ ಆಸ್ತಿ ಹಂಚಿಕೆಗಳನ್ನು, ಮಾತ್ರ ಮತ್ತೆ ತೆರೆಯುವಂತಿಲ್ಲ. ಅಣ್ಣತಮ್ಮಂದಿರ ಮೇಲಿನ ಪ್ರೀತಿಯಿಂದ ಪಾಲು ಬಿಟ್ಟುಕೊಡುವ ಸ್ವಾತಂತ್ರ್ಯ ಆಕೆಗೆ ಇದೆ, ಅದಕ್ಕೆ ನನ್ನ ತಕರಾರಿಲ್ಲ. ಬಿಡುತ್ತಿರುವುದು ಎಷ್ಟು ಎಕರೆ ಎಂಬುದನ್ನು ಓದಿಸಿ ಕೇಳಿ, ತಿಳಿದು ಬಿಡಬೇಕು.

ಈಗ ಹೊಸ್ತಿಲಿನ ಆಚೆಗೆ ಬರೋಣ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ದೊಡ್ಡ ಆಫೀಸುಗಳಲ್ಲಿ ಕಂಪ್ಯೂಟರಿನ ಮುಂದೆ ಕೂರುವವರಿಗಾಗಿ ಎಂಬ ತಪ್ಪು ತಿಳಿವಳಿಕೆ ಇದೆ. ಅದು ಹುಟ್ಟಿದ ಬಗೆಯನ್ನು ಇಲ್ಲಿ ಕೂತ ಅಂಗನವಾಡಿಯ ಅಕ್ಕಂದಿರು ಕೇಳಲೇಬೇಕು. ರಾಜಸ್ಥಾನದ ಭಟೇರಿ ಎಂಬ ಹಳ್ಳಿಯಲ್ಲಿ ಭಂವರಿ ದೇವಿ ಎಂಬುವವರು ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಸಾಥಿನ್ ಆಗಿದ್ದರು, ಅಂದರೆ ನಿಮ್ಮ ಹಾಗೆಯೇ ಮನೆಮನೆಗೆ ತಿರುಗುವ ಹಳ್ಳಿಯ ಕಾರ್ಯಕರ್ತೆ. 1992ರಲ್ಲಿ ಒಂದು ಬಾಲ್ಯವಿವಾಹವನ್ನು ತಡೆಯಲು ಹೋದದ್ದಕ್ಕೆ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಕರ್ತವ್ಯದ ಮೇಲಿದ್ದ ಹೆಂಗಸಿನ ರಕ್ಷಣೆಯ ಹೊಣೆ ಯಾರದು ಎಂದು ಕೇಳಿ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. 1997ರ ಆಗಸ್ಟ್ 13ರಂದು ಬಂದ ವಿಶಾಖಾ ತೀರ್ಪು ಮಾರ್ಗಸೂಚಿಗಳನ್ನು ಕೊಟ್ಟಿತು, ಹದಿನಾರು ವರ್ಷಗಳ ನಂತರ ಅವು ಕಾಯ್ದೆಯಾದವು. ದೇಶದ ದೊಡ್ಡ ಕಂಪನಿಗಳ ಮಹಿಳಾ ಉದ್ಯೋಗಿಗಳು ಇಂದು ಬಳಸುವ ಕಾಯ್ದೆಯ ಬೇರು ಒಬ್ಬ ಹಳ್ಳಿಯ ಕಾರ್ಯಕರ್ತೆಯ ಹೋರಾಟದಲ್ಲಿದೆ. ಆದ್ದರಿಂದಲೇ ಅದರಲ್ಲಿ ಸಂಬಳದವಳು, ದಿನಗೂಲಿಯವಳು, ಗುತ್ತಿಗೆಯವಳು, ಸ್ವಯಂಸೇವೆಯವಳು ಎಂಬ ಬೇಧವಿಲ್ಲ; ಮನೆಗೆಲಸದಾಕೆಗೆ ಯಜಮಾನರ ಮನೆಯೇ ಕೆಲಸದ ಸ್ಥಳ ಎಂದು ಕಾಯ್ದೆ ಬಿಡಿಸಿ ಹೇಳಿದೆ.

ಹತ್ತು ಅಥವಾ ಹೆಚ್ಚು ಕೆಲಸಗಾರರಿರುವಲ್ಲಿ ಆಂತರಿಕ ಸಮಿತಿ ಇರಬೇಕು. ಅಧ್ಯಕ್ಷೆ ಮಹಿಳೆಯೇ ಆಗಿರಬೇಕು, ಅರ್ಧಕ್ಕೆ ಕಡಿಮೆಯಿಲ್ಲದಂತೆ ಮಹಿಳಾ ಸದಸ್ಯರಿರಬೇಕು, ಹೊರಗಿನವರೊಬ್ಬರು ಇರಬೇಕು. ಸಮಿತಿ ರಚಿಸದ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡ. ಆದರೆ ರಬಕವಿ ಬನಹಟ್ಟಿಯ ಎಷ್ಟೋ ವಿದ್ಯುತ್ ಮಗ್ಗದ ಶೆಡ್ಡುಗಳಲ್ಲಿ, ನಿಮ್ಮ ಊರಿನ ಗ್ರಾನೈಟ್ ಪಾಲಿಶ್ ಘಟಕಗಳಲ್ಲಿ ಆರೇಳು ಜನರೇ ಇರುತ್ತಾರೆ. ಅಂಥವರಿಗೆ, ಹಾಗೂ ಮಾಲೀಕನೇ ಕಿರುಕುಳ ಕೊಡುವವನಾಗಿದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ತಾಲ್ಲೂಕಿನ ನೋಡಲ್ ಅಧಿಕಾರಿ ದೂರು ಪಡೆದು ಏಳು ದಿನಗಳೊಳಗೆ ಆ ಸಮಿತಿಗೆ ತಲುಪಿಸಬೇಕು.

ಇಲ್ಲಿ ತಾರೀಖು ಇನ್ನೂ ಬಿಗಿಯಾಗಿದೆ. ಮನೆಯ ಹಿಂಸೆಯ ಅರ್ಜಿಗೆ ಒಂದು ವರ್ಷದ ಕಾಲಮಿತಿ ಅನ್ವಯಿಸದೆಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಕೆಲಸದ ಸ್ಥಳದ ದೂರಿಗೆ ಘಟನೆ ನಡೆದು ಮೂರು ತಿಂಗಳೊಳಗೆ ಎಂಬ ಗಡುವಿದೆ. ಮೇಲಿಂದ ಮೇಲೆ ನಡೆದಿದ್ದರೆ ಕೊನೆಯ ಘಟನೆಯಿಂದ ಲೆಕ್ಕ. ತಕ್ಕ ಕಾರಣ ಬರೆದು ಇನ್ನೂ ಮೂರು ತಿಂಗಳು ಸಮಿತಿ ಕೊಡಬಹುದು. ಒಂದು ಖಾಸಗಿ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿಗೆ ಮ್ಯಾನೇಜರು ರಾತ್ರಿ ಮೆಸೇಜು ಕಳುಹಿಸುತ್ತಿದ್ದ. ಆಕೆ ನಾಚಿಕೆಯಿಂದ ಎಲ್ಲವನ್ನೂ ಅಳಿಸಿಹಾಕಿ, ಎಂಟು ತಿಂಗಳ ನಂತರ, ಕೆಲಸ ಬಿಟ್ಟ ಮೇಲೆ ನನ್ನ ಬಳಿ ಬಂದಳು. ಕೈಯಲ್ಲಿ ಏನೂ ಉಳಿದಿರಲಿಲ್ಲ. ಅಳಿಸಬೇಡಿ ಎಂಬ ಒಂದು ಮಾತನ್ನು ಆಕೆಗೆ ಯಾರಾದರೂ ಸಕಾಲದಲ್ಲಿ ಹೇಳಬೇಕಿತ್ತು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಅಲ್ಲಿಯವರೆಗೆ ಆಕೆ ಬೇರೆ ಕಡೆ ವರ್ಗವನ್ನೋ ಮೂರು ತಿಂಗಳವರೆಗಿನ ರಜೆಯನ್ನೋ ಬರವಣಿಗೆಯಲ್ಲಿ ಕೇಳಬಹುದು. ಆಕೆಯೇ ಬಯಸಿದರೆ ಮಾತ್ರ ರಾಜಿ, ಅದೂ ದುಡ್ಡಿನ ಮೇಲೆ ಆಗುವಂತಿಲ್ಲ. ಆಕೆಯ ಹೆಸರನ್ನು ಬಯಲು ಮಾಡುವಂತಿಲ್ಲ.

ಹೆರಿಗೆ ರಜೆ 2017ರ ತಿದ್ದುಪಡಿಯಿಂದ 12 ವಾರಗಳಿಂದ 26 ವಾರಗಳಿಗೆ ಏರಿದ್ದು, ಒಂದೇ ಕೆಲಸಕ್ಕೆ ಗಂಡಾಳು ಹೆಣ್ಣಾಳು ಎಂದು ಕೂಲಿಯಲ್ಲಿ ಬೇಧ ಮಾಡಬಾರದೆಂದು 1976ರಿಂದ ಕಾನೂನಿರುವುದು ನಿಮಗೆ ಗೊತ್ತಿರುವ ವಿಷಯಗಳೇ. ಆದರೆ ಒಂದು ಕೊರತೆಯನ್ನು ಹೇಳದೆ ಮುಂದೆ ಹೋಗಲಾರೆ. ಗಂಡನ ಮಗ್ಗಕ್ಕೆ ಕಂಡಿಕೆ ಸುತ್ತುವ ಹೆಂಡತಿಗೆ ಹಾಜರಿ ಇಲ್ಲ, ಕೂಲಿಯ ಚೀಟಿ ಇಲ್ಲ, ರಜೆ ಇಲ್ಲ; ಆಕೆ ಕೆಲಸಗಾರಳೆಂದು ಹೇಳುವ ಕಾಗದ ಎಲ್ಲಿಯೂ ಇಲ್ಲ. ಮಗ್ಗದ ಸಾಲ, ನೇಕಾರರ ಗುರುತಿನ ಚೀಟಿ, ಬ್ಯಾಂಕಿನ ಖಾತೆ, ಇವುಗಳಲ್ಲಿ ಒಂದರಲ್ಲಾದರೂ ತನ್ನ ಹೆಸರು ಇರುವಂತೆ ಆಕೆ ನೋಡಿಕೊಂಡರೆ, ಮುಂದೆ ನನ್ನಂಥ ವಕೀಲರ ಕೆಲಸ ಅರ್ಧ ಕಡಿಮೆಯಾಗುತ್ತದೆ.

ವಕೀಲರಿಗೆ ಕೊಡಲು ದುಡ್ಡಿಲ್ಲ ಎಂಬ ಮಾತು ಬಂದೇ ಬರುತ್ತದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಮಹಿಳೆಗೆ ಉಚಿತ ನೆರವು ಸಿಗಲು ಆದಾಯದ ಮಿತಿಯೇ ಇಲ್ಲ. ತಾಲ್ಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಮಹಿಳಾ ಸಹಾಯವಾಣಿ 181. ಯಾವ ಕಚೇರಿಗೆ ಅರ್ಜಿ ಕೊಟ್ಟರೂ ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಮುದ್ರೆ, ಸಹಿ, ತಾರೀಖು ಹಾಕಿಸಿಕೊಂಡು ಬನ್ನಿ. ಠಾಣೆಯಲ್ಲಿ ಇದು ಕೇಸ್ ಆಗುವುದಿಲ್ಲ ಎಂದರೆ ಹಾಗೆಂದೇ ಹಿಂಬರಹ, ಅಂದರೆ ಬರವಣಿಗೆಯ ಉತ್ತರ, ಕೊಡಿ ಎಂದು ಕೇಳಿ. ಬರೆಸಿದ್ದನ್ನು ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತಬೇಡಿ.

ಮಾತು ಮುಗಿಸಿ ಕೆಳಗೆ ಇಳಿದ ಮೇಲೆ, ಕಪ್ಪು ಒಡಲಿಗೆ ಕೆಂಪು ಸೆರಗಿನ ಸೀರೆ ಉಟ್ಟಿದ್ದ ಒಬ್ಬಾಕೆ ಪಕ್ಕಕ್ಕೆ ಕರೆದು ಕೇಳಿದಳು. ಆಕೆಗೆ ಬರೆಯಲು ಬರುವುದಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕಕ್ಕೆ ಗೀಟು ಹಾಕುತ್ತಾಳೆ. ಹೊಡೆತ ಬಿದ್ದ ದಿನ ಅದೇ ಚೌಕದಲ್ಲಿ ಸಣ್ಣದೊಂದು ಸೊನ್ನೆ ಸುತ್ತುತ್ತಾಳೆ, ಯಾರಿಗೂ ಗೊತ್ತಿಲ್ಲ. "ಮೂರ ವರ್ಷದ್ದು ಇಟ್ಟೇನ್ರಿ ಬಾಯಾರ, ಹಾಸಿಗಿ ಬುಡಕ. ಅದು ನಡೀತೈತೇನ್ರಿ?" ಅದೊಂದರಿಂದಲೇ ತೀರ್ಪು ಬರುವುದಿಲ್ಲ, ಆದರೆ ವರದಿಗೆ ಲಗತ್ತಿಸಬಹುದು, ಆಸ್ಪತ್ರೆಯ ಚೀಟಿಗಳ ತಾರೀಖಿಗೆ ಹೊಂದಿಸಿ ನೋಡಬಹುದು ಎಂದೆ. ಹಾಳೆಗಳನ್ನು ಹರಿಯದೆ, ಮೂರೂ ಕ್ಯಾಲೆಂಡರುಗಳನ್ನು ಇದ್ದ ಹಾಗೆಯೇ ಸೋಮವಾರ ಸಿಡಿಪಿಒ ಆಫೀಸಿಗೆ ತರಲು ಹೇಳಿದ್ದೇನೆ.